ಬಣ್ಣದ ಗಾಜಿನ ಕಸುಬು: ಒಳಗಿನಿಂದ ನೋಡಬೇಕಾದ ಕಿಟಕಿಗಳು

ಬೋರಿಬಂದರಿನಲ್ಲಿ ಗಾಡಿಯಿಂದ ಇಳಿದು ಫೋರ್ಟಿನ ಕಚೇರಿಗಳಿಗೂ ಹೋಟೆಲುಗಳಿಗೂ ನಿತ್ಯವೂ ಧಾವಿಸುವ ನಮ್ಮವರಲ್ಲಿ ಎಷ್ಟು ಮಂದಿ ಒಮ್ಮೆಯಾದರೂ ತಲೆಯೆತ್ತಿ ಆ ನಿಲ್ದಾಣದ ಬಣ್ಣದ ಕಿಟಕಿಗಳನ್ನು ನೋಡಿರಬಹುದು? ಹಾಜರಿ ಪುಸ್ತಕ ಮುಚ್ಚುವುದರೊಳಗೆ ಸಹಿ ಹಾಕಬೇಕಾದ ಗುಮಾಸ್ತನಿಗೂ ಬೆಳಗಿನ ಗಿರಾಕಿಗಳಿಗೆ ಮುಂಚೆ ಮೇಜು ಒರೆಸಬೇಕಾದ ಹುಡುಗನಿಗೂ ಅಂಥ ಪುರಸೊತ್ತು ಎಲ್ಲಿಯದು? 1888ರಲ್ಲಿ ಪೂರ್ಣಗೊಂಡು, 2004ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಆ ಕಟ್ಟಡವನ್ನು ಕಾಣಲು ದೇಶವಿದೇಶಗಳಿಂದ ಜನ ಬರುತ್ತಾರೆ. ನಾವು ಅದರ ಕೆಳಗೆ ಹಾದುಹೋಗುತ್ತೇವೆ.

ನಮ್ಮದಷ್ಟೇ ತಪ್ಪಲ್ಲ. ಬಣ್ಣದ ಗಾಜಿನ ಗುಣವೇ ಹಾಗಿದೆ. ಹಗಲಿನಲ್ಲಿ ಬೀದಿಯಿಂದ ನೋಡಿದರೆ ಅದು ಮಸಿ ಹಿಡಿದ ಹಲಗೆಯಂತೆ ಕಾಣುತ್ತದೆ. ಒಳಗೆ ಹೋಗಿ ಬಿಸಿಲಿಗೆ ಎದುರಾಗಿ ನಿಂತವನಿಗೆ ಮಾತ್ರ ಅದು ತನ್ನ ಬಣ್ಣವನ್ನು ಬಿಟ್ಟುಕೊಡುತ್ತದೆ.

ಬಣ್ಣದ ಮೂಲ

ಇವು ಸಾದಾ ಗಾಜಿನ ಮೇಲೆ ಬಣ್ಣ ಬಳಿದು ಮಾಡಿದ ಕಿಟಕಿಗಳೆಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ, ಬಣ್ಣವಿರುವುದು ಗಾಜಿನ ಒಡಲಿನಲ್ಲಿಯೇ. ಮರಳನ್ನೂ ಕ್ಷಾರವನ್ನೂ ಕುಲುಮೆಯಲ್ಲಿ ಕರಗಿಸುವಾಗ ಕೋಬಾಲ್ಟ್ ಬೆರೆಸಿದರೆ ಗಾಜು ನೀಲಿಯಾಗುತ್ತದೆ. ತಾಮ್ರವು ಕುಲುಮೆಯ ಹದವನ್ನನುಸರಿಸಿ ಹಸಿರನ್ನಾಗಲಿ ಕೆಂಪನ್ನಾಗಲಿ ಕೊಡುತ್ತದೆ. ಚಿನ್ನದ ಕಿಂಚಿತ್ ಅಂಶವು ಮಾಣಿಕ್ಯದ ಕಾಂತಿಯನ್ನು ತರುತ್ತದೆ. ಮುಖದ ರೇಖೆ, ಉಡುಪಿನ ನೆರಿಗೆ ಇವುಗಳನ್ನು ಮಾತ್ರ ಲೋಹದ ಆಕ್ಸೈಡ್ ಮತ್ತು ಗಾಜಿನ ಪುಡಿಯ ಮಿಶ್ರಣದಿಂದ ಬರೆದು, ಮತ್ತೆ ಆರುನೂರು ಡಿಗ್ರಿಗೂ ಮಿಕ್ಕ ಶಾಖದಲ್ಲಿ ಸುಡುತ್ತಾರೆ. ಹದಿನಾಲ್ಕನೆಯ ಶತಮಾನದ ಆದಿಯಲ್ಲಿ ಯುರೋಪಿನ ಕಸುಬುದಾರರು ಬೆಳ್ಳಿಯ ಲವಣವನ್ನು ಬಳಿದು ಸುಟ್ಟು ಹಳದಿಯನ್ನು ಪಡೆಯಲು ಕಲಿತರು.

ಮೊದಲು ಕಿಟಕಿಯಷ್ಟೇ ದೊಡ್ಡ ಕಾಗದದ ಮೇಲೆ ನಕ್ಷೆ ಬರೆಯಬೇಕು. ಅದರಂತೆ ಒಂದೊಂದು ಬಣ್ಣದ ಚೂರನ್ನೂ ಕತ್ತರಿಸಿ, ಎರಡೂ ಪಕ್ಕಗಳಲ್ಲಿ ಗಾಡಿಯುಳ್ಳ ಸೀಸದ ಪಟ್ಟಿಗಳಲ್ಲಿ ಕೂಡಿಸಿ, ಸಂದುಗಳಿಗೆ ಬೆಸುಗೆ ಹಾಕಬೇಕು. ಮಳೆನೀರು ನುಗ್ಗದಂತೆ ಸೀಸದ ಅಂಚಿನೊಳಕ್ಕೆ ಅಗಸೆಯೆಣ್ಣೆಯ ಲಪ್ಪವನ್ನು ತಿಕ್ಕಬೇಕು. ಕೊನೆಗೆ ಅಡ್ಡವಾಗಿ ಕೂಡಿಸಿದ ಲೋಹದ ಸರಳುಗಳಿಗೆ ಇಡಿಯ ಚೌಕಟ್ಟನ್ನು ತಾಮ್ರದ ತಂತಿಯಿಂದ ಬಿಗಿಯಬೇಕು. ಚಿತ್ರದಲ್ಲಿ ಕಪ್ಪು ಗೆರೆಗಳಾಗಿ ಕಾಣುವುದೆಲ್ಲ ಈ ಸೀಸವೇ. ಅದು ಏಕಕಾಲದಲ್ಲಿ ರೇಖೆಯೂ ಹೌದು, ಆಧಾರವೂ ಹೌದು.

ರಾಜಾಬಾಯಿ ಗೋಪುರದ ನೆರಳಿನಲ್ಲಿ

ಈ ಕಸುಬಿನ ಶ್ರೇಷ್ಠ ಮಾದರಿಗಳು ಮುಂಬಯಿಯಲ್ಲಿ ಹಲವಿವೆ. ಕೊಲಾಬಾದ ಅಫಘಾನ್ ಚರ್ಚಿನ ಕಿಟಕಿಗಳನ್ನು ಇಂಗ್ಲೆಂಡಿನ ನ್ಯೂಕಾಸಲ್ಲಿನ ವಿಲಿಯಮ್ ವೇಲ್ಸ್ ಮಾಡಿದನು. ಆ ಚರ್ಚು 1858ರಲ್ಲಿ ಪ್ರತಿಷ್ಠಿತವಾಯಿತು. ವಿಶ್ವವಿದ್ಯಾಲಯದ ಘಟಿಕೋತ್ಸವ ಸಭಾಂಗಣದ ದೊಡ್ಡ ವರ್ತುಲ ಕಿಟಕಿಯಲ್ಲಿ ಹನ್ನೆರಡು ರಾಶಿಗಳು ಸುತ್ತಿ ನಿಂತಿವೆ. ಅದರ ನೆರೆಯಲ್ಲಿಯೇ ರಾಜಾಬಾಯಿ ಗೋಪುರ, ಅದರ ಬುಡದಲ್ಲಿ ಗ್ರಂಥಾಲಯ. ಹತ್ತಿಯ ವ್ಯಾಪಾರದಲ್ಲಿ ಕುಬೇರನಾಗಿದ್ದ ಪ್ರೇಮಚಂದ ರಾಯಚಂದರು ಗ್ರಂಥಾಲಯಕ್ಕೆ ಎರಡು ಲಕ್ಷ ರೂಪಾಯಿಗಳನ್ನೂ ತಾಯಿಯ ಹೆಸರಿನ ಗೋಪುರಕ್ಕೆ ಮತ್ತೆರಡು ಲಕ್ಷವನ್ನೂ ಕೊಟ್ಟರು. ನಕ್ಷೆ ಬರೆದ ಗಿಲ್ಬರ್ಟ್ ಸ್ಕಾಟ್ ಭಾರತಕ್ಕೆ ಕಾಲಿಟ್ಟವನೇ ಅಲ್ಲ. 1869ರಲ್ಲಿ ಆರಂಭವಾದ ಕಟ್ಟಡವು 1878ರಲ್ಲಿ ಮುಗಿಯಿತು. ಗೋಪುರದ ಎತ್ತರ 280 ಅಡಿ. ಓವಲ್ ಮೈದಾನದ ಮೇಲಿನ ಇಳಿಬಿಸಿಲು ಗ್ರಂಥಾಲಯದ ಗಾಜಿಗೆ ತಾಕಿದಾಗ ಓದುವವರ ಮೇಜಿನ ಮೇಲೆ ಬಣ್ಣಗಳು ಚೆಲ್ಲುತ್ತವೆ.

ಆದರೆ ಗಾಜಿನಷ್ಟು ಆಯುಸ್ಸು ಸೀಸಕ್ಕಿಲ್ಲ. ಮೃದುವಾದ ಆ ಲೋಹವು ಬಿಸಿಲಿಗೆ ಹಿಗ್ಗಿ, ತನ್ನ ಭಾರಕ್ಕೆ ತಾನೇ ಜಗ್ಗುತ್ತದೆ. ಲಪ್ಪ ಒಣಗಿ ಉದುರುತ್ತದೆ. ಕಬ್ಬಿಣದ ಸರಳು ತುಕ್ಕು ಹಿಡಿದು ಉಬ್ಬಿ ಸುತ್ತಲಿನ ಕಲ್ಲನ್ನೇ ಸೀಳುತ್ತದೆ. ಮುಂಗಾರಿನ ಗಾಳಿಗೆ ಕಿಟಕಿ ಹೊಟ್ಟೆಯುಬ್ಬಿಸುತ್ತದೆ. ಆಗ ಎರಡು ದಾರಿಗಳಿವೆ. ಒಡೆದುದನ್ನು ಕಿತ್ತು ಅಂಗಡಿಯ ಸಾದಾ ಗಾಜನ್ನು ಕೂಡಿಸುವುದು ಸುಲಭ ಮತ್ತು ಅಗ್ಗ. ಇನ್ನೊಂದು ದಾರಿ ಕಠಿನ: ಕಿಟಕಿಯ ಅಚ್ಚನ್ನು ಕಾಗದಕ್ಕೆ ಇಳಿಸಿಕೊಂಡು, ಪ್ರತಿಯೊಂದು ಚೂರಿನ ಸ್ಥಾನವನ್ನು ಗುರುತಿಸಿ, ಬಿಚ್ಚಿ, ಹತ್ತಿಯಿಂದ ಮೆಲ್ಲನೆ ತೊಳೆದು, ಒಡೆದುದನ್ನು ಅಂಟಿಸಿ, ಹೊಸ ಸೀಸದಲ್ಲಿ ಹಳೆಯ ಗಾಜನ್ನೇ ಮರಳಿ ಕೂಡಿಸುವುದು. ಗ್ರಂಥಾಲಯವೂ ಗೋಪುರವೂ 2013ರಿಂದ 2015ರವರೆಗೆ ಜೀರ್ಣೋದ್ಧಾರಗೊಂಡವು. 2018ರಲ್ಲಿ ಯುನೆಸ್ಕೋದ ಪ್ರಶಂಸೆಯೂ ದೊರೆಯಿತು. ಹೀಗೆ ತಾಳ್ಮೆಯಿಂದ ದುಡಿಯಬಲ್ಲ ಕೈಗಳು ನಮ್ಮ ದೇಶದಲ್ಲಿ ಬಹಳ ವಿರಳ. ಆ ಕೈಗಳು ಇಲ್ಲವಾದರೆ ಹಣವಿದ್ದೂ ಕಿಟಕಿ ಉಳಿಯದು.

ಒಡೆದ ಚೂರಿನ ಕಲೆ

ಗಾಜು ಬೆಳಕನ್ನು ದಾಟಿಸಿದರೆ ಮೊಸಾಯಿಕ್ ಬೆಳಕನ್ನು ಮರಳಿಸುತ್ತದೆ. ಹೋಟೆಲಿನಲ್ಲಿ ನಮ್ಮ ಹುಡುಗರು ದಿನಕ್ಕೆ ನಾಲ್ಕು ಸಲ ಒರೆಸುವ ‘ಮೊಸಾಯಿಕ್’ ನೆಲವು ಅಮೃತಶಿಲೆಯ ಚೂರುಗಳನ್ನು ಸಿಮೆಂಟಿನಲ್ಲಿ ಕಲಸಿ ಉಜ್ಜಿದ್ದು. ನಿಜವಾದ ಮೊಸಾಯಿಕಿನಲ್ಲಿ ಒಂದೊಂದು ಹರಳನ್ನೂ ಕೈಯಿಂದ ಆರಿಸಿ ಇಡಬೇಕು. ಇಟಲಿಯ ರಾವೆನ್ನಾದಲ್ಲಿ ಆರನೆಯ ಶತಮಾನದಲ್ಲಿ ಗಾಜಿನ ನಡುವೆ ಚಿನ್ನದ ರೇಕನ್ನಿಟ್ಟು ಮಾಡಿದ ಹರಳುಗಳು ಇಂದಿಗೂ ಮಿನುಗುತ್ತವೆ. ಸ್ಪೇನಿನ ಬಾರ್ಸಿಲೋನಾದಲ್ಲಿ ಗೌಡಿ ಎಂಬ ಶಿಲ್ಪಿಯು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಒಡೆದ ಬಿಲ್ಲೆಗಳಿಂದಲೇ ಒಂದು ಉದ್ಯಾನದ ಉದ್ದನೆಯ ಆಸನವನ್ನು ಸಿಂಗರಿಸಿದನು. ಒಡೆದ ಕಪ್ಪು-ಬಸಿಯ ಬೆಲೆಯನ್ನು ಸಂಬಳದಲ್ಲಿ ಮುರಿಸಿಕೊಂಡ ನಮ್ಮವರಿಗೆ ಇದು ಕೊಂಚ ವಿಚಿತ್ರವಾಗಿ ತೋರಬಹುದು!

ಎರಡು ಕಸುಬುಗಳೂ ಒಂದೆಡೆ ಕಲೆತುದನ್ನು ಕಾಣಲು ಊರಿಗೆ ಹೋದಾಗ ಮೈಸೂರಿಗೆ ಹೋಗಬೇಕು. 1897ರಲ್ಲಿ ಹಳೆಯ ಮರದ ಅರಮನೆಯು ಬೆಂಕಿಗೆ ಆಹುತಿಯಾದ ಮೇಲೆ ಕಟ್ಟಿ, 1912ರಲ್ಲಿ ಮುಗಿಸಿದ ಅರಮನೆಯ ಕಲ್ಯಾಣಮಂಟಪದಲ್ಲಿ ಮೇಲ್ಚಾವಣಿಯ ಬಣ್ಣದ ಗಾಜಿನಲ್ಲಿಯೂ ನವಿಲು, ಕಾಲಕೆಳಗಿನ ಬಿಲ್ಲೆಗಳಲ್ಲಿಯೂ ನವಿಲು. ಗಾಜು ಬಂದುದು ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ; ನವಿಲು ಮಾತ್ರ ನಮ್ಮದು.

ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಕಲಿತು, ಕೊನೆಗೆ ಇದೇ ವಿಶ್ವವಿದ್ಯಾಲಯದ ಪದವಿ ಪಡೆದ ಕನ್ನಡಿಗರನ್ನು ನಾವು ಬಲ್ಲೆವು. ಬೀದಿಯಿಂದ ಕಪ್ಪಾಗಿ ಕಂಡ ಆ ಗಾಜಿನ ಬಣ್ಣವನ್ನು ಅವರು ಒಳಗೆ ಹೋಗಿ ಕಂಡರು. ಎಲ್ಲರಿಗೂ ಆ ಬಾಗಿಲು ತೆರೆಯದಿರಬಹುದು. ಆದರೆ ಚರ್ಚಿನ ಬಾಗಿಲು, ರೈಲುನಿಲ್ದಾಣದ ಬಾಗಿಲು ತೆರೆದೇ ಇರುತ್ತವೆ. ಮುಂದಿನ ರಜೆಯ ದಿನ ಮಕ್ಕಳನ್ನು ಕರೆದುಕೊಂಡು ಹೋಗಿ, ಬಿಸಿಲಿಗೆ ಎದುರಾಗಿ ಐದು ನಿಮಿಷ ನಿಲ್ಲೋಣ. ಜನರ ಕಣ್ಣಿಗೆ ಬೀಳದ ಕಿಟಕಿಯು ಒಡೆದರೂ ಕೇಳುವವರಿರುವುದಿಲ್ಲ. ನೋಡುವವರು ಇರುವವರೆಗೆ ಅದನ್ನು ಕಾಯುವ ಕೈಗಳಿಗೂ ಕೆಲಸವಿರುತ್ತದೆ.