ಹಳೆಯ ಜೀಪುಗಳಿಗೆ ಹೆಚ್ಚಿನ ಸಾಮರ್ಥ್ಯದ ಎಂಜಿನ್ ಅಳವಡಿಕೆ: ವಾಹನ ಮಾಲೀಕರಿಗೆ ಮಾಹಿತಿ

ಮಲೆನಾಡು ಮತ್ತು ಕೊಡಗಿನ ತೋಟಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ಹಳೆಯ ಜೀಪುಗಳ ಎಂಜಿನ್ ಸವೆದಾಗ, ಅದರ ಬದಲಿಗೆ ಹೆಚ್ಚಿನ ಘನ ಸಾಮರ್ಥ್ಯದ ಎಂಜಿನ್ ಕೂರಿಸುವ ಪರಿಪಾಠವಿದೆ. ಇದು ಕೇವಲ ಗ್ಯಾರೇಜಿನ ಕೆಲಸವಲ್ಲ. ಎಂಜಿನ್ ಸಂಖ್ಯೆ, ಘನ ಸಾಮರ್ಥ್ಯ ಹಾಗೂ ಇಂಧನದ ಬಗೆ ನೋಂದಣಿ ಪ್ರಮಾಣ ಪತ್ರದಲ್ಲಿ ನಮೂದಾಗಿರುತ್ತವೆ.

ಮೋಟಾರು ವಾಹನಗಳ ಅಧಿನಿಯಮ, 1988ರ 52ನೇ ಪ್ರಕರಣದ ಮೇರೆಗೆ, ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನೇ ಸ್ಪಷ್ಟಪಡಿಸಿದೆ. ಆದುದರಿಂದ ಅದೇ ಮಾದರಿಯ ಎಂಜಿನ್ ಹಾಕಲು ಕೋರುವ ಅರ್ಜಿಯೂ ದೊಡ್ಡ ಎಂಜಿನ್ ಕೋರುವ ಅರ್ಜಿಯೂ ಒಂದೇ ಅಲ್ಲ. ಮೊದಲನೆಯದಕ್ಕೆ ನೋಂದಣಿ ಪ್ರಾಧಿಕಾರಿಯ ಪೂರ್ವಾನುಮೋದನೆ ಕೋರಬಹುದು. ಎರಡನೆಯದಕ್ಕೆ "ಆಮೇಲೆ ಪುಸ್ತಕದಲ್ಲಿ ಸೇರಿಸಿಕೊಳ್ಳಬಹುದು" ಎಂಬ ಭರವಸೆ ನಂಬಿ ಹಣ ಹೂಡುವುದು ಉಚಿತವಲ್ಲ.

ನಿರ್ಬಂಧಕ್ಕೆ ಕಾರಣವಿದೆ. ಹಳೆಯ ಜೀಪಿನ ಬ್ರೇಕು, ಕ್ಲಚ್, ಗೇರ್ ಬಾಕ್ಸ್, ರೇಡಿಯೇಟರ್‌ಗಳು ಮೂಲ ಎಂಜಿನ್ನಿನ ಶಕ್ತಿಗೆ ತಕ್ಕಂತೆ ರೂಪಿತವಾದವು. ಭಾರದ ಎಂಜಿನ್ನಿನಿಂದ ಮುಂಭಾಗದ ಹೊರೆ ಹೆಚ್ಚಿದಲ್ಲಿ, ಏರು ಹತ್ತುವಾಗ ದೊರೆತ ಅನುಕೂಲವೇ ಘಟ್ಟದ ಇಳಿಜಾರಿನಲ್ಲಿ ಅಪಾಯವಾಗಿ ಪರಿಣಮಿಸಬಹುದು.

ಹಳೆಯ ಎಂಜಿನ್ ಖರೀದಿಸುವವರು ಅದರ ಸಂಖ್ಯೆಯುಳ್ಳ ರಸೀದಿಯನ್ನು ತಪ್ಪದೆ ಪಡೆಯತಕ್ಕದ್ದು. ಕಳವಾದ ವಾಹನದ ಎಂಜಿನ್ ಆಗಿದ್ದಲ್ಲಿ ತೊಂದರೆ ಖರೀದಿದಾರರಿಗೇ. ವಾಹನದ ಮೇಲೆ ಸಾಲವಿದ್ದಲ್ಲಿ ಸಾಲ ನೀಡಿದವರ ಲಿಖಿತ ಒಪ್ಪಿಗೆಯನ್ನೂ ಪಡೆಯುವುದು.

ಅನುಮತಿಯಿಲ್ಲದ ಮಾರ್ಪಾಡಿಗೆ 182ಎ ಪ್ರಕರಣದನ್ವಯ ಆರು ತಿಂಗಳವರೆಗಿನ ಕಾರಾವಾಸ, ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಹದಿನೈದು ವರ್ಷಗಳ ನಂತರದ ನೋಂದಣಿ ನವೀಕರಣಕ್ಕಾಗಿ ವಾಹನವನ್ನು ತಪಾಸಣೆಗೆ ಹಾಜರುಪಡಿಸಿದಾಗ ಎಂಜಿನ್ ಸಂಖ್ಯೆಯನ್ನು ದಾಖಲೆಯೊಂದಿಗೆ ತಾಳೆ ನೋಡಲಾಗುತ್ತದೆ.