ಕೊಂಗುನಾಡಿನಲ್ಲಿ ಚಾವುಂಡರಾಯನ ತಂಗಿ

ಬನಿಯನ್ ಖರೀದಿಗೆಂದು ತಿರುಪ್ಪೂರಿಗೆ ಹೋಗಿಬರುವ ವ್ಯಾಪಾರಿ ಬಂಧುಗಳು ನಮ್ಮ ಸಮಾಜದಲ್ಲಿ ಅನೇಕರು. ಈರೋಡು ದಾಟಿದ ಮೇಲೆ ಸಿಗುವ ವಿಜಯಮಂಗಲದಲ್ಲಿ ಇಳಿದವರು ಮಾತ್ರ ವಿರಳ. ಹಿಂದೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಈ ಊರು 1979ರ ವಿಭಜನೆಯ ನಂತರ ಈರೋಡಿನ ಕಡೆಗೆ ಹೋಯಿತು. ಪಕ್ಕದ ಮೇಟ್ಟುಪುದೂರಿನಲ್ಲಿ ಶ್ರೀ ಚಂದ್ರಪ್ರಭ ತೀರ್ಥಂಕರರ ಪುರಾತನ ಬಸದಿಯಿದೆ.

ನಮ್ಮ ಕಡೆಯ ಬಸದಿಗಳನ್ನು ಕಂಡ ಕಣ್ಣಿಗೆ ಇಲ್ಲಿನ ಎತ್ತರದ ಗೋಪುರ ಶಿವಾಲಯದ್ದೇ ಅನ್ನಿಸೀತು. ಒಳಗೆ ಕಲ್ಲುಕಂಬಗಳ ಮಂಟಪ. ಅದರಲ್ಲೊಂದು ಕಂಬದ ಮುಂದೆ ನಾವು ನಿಂತೇಬಿಟ್ಟೆವು. ಅದು ಪುಲ್ಲಪ್ಪೆಯ ನಿಸಿಧಿ. ಆಕೆ ಚಾವುಂಡರಾಯನ ತಂಗಿಯೆಂದೂ ಸಲ್ಲೇಖನದಿಂದ ದೇಹ ಬಿಟ್ಟಳೆಂದೂ ಅಲ್ಲಿನ ಶಾಸನ ಹೇಳುತ್ತದೆ. ಗಂಗರ ಮಂತ್ರಿಯ ಮನೆಮಗಳು, ತವರಿನಿಂದ ಇಷ್ಟು ದೂರದಲ್ಲಿ!

ಕ್ರಿ.ಶ. 981ರ ಸುಮಾರಿಗೆ ಅಣ್ಣ ಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ. ತಾಯಿ ಕಾಳಲಾದೇವಿಯ ಹೆಸರು ನಮ್ಮ ಮಕ್ಕಳ ಬಾಯಲ್ಲೂ ಇದೆ. ತಂಗಿಯ ಹೆಸರನ್ನು ನಾವೇ ಮನೆಯಲ್ಲಿ ಒಮ್ಮೆಯೂ ಹೇಳಿರಲಿಲ್ಲ, ನಾಚಿಕೆಯಾಯಿತು. ತಮಿಳಿನಲ್ಲಿ ‘ಪೆರುಂಗದೈ’ ಬರೆದ ಜೈನ ಕವಿ ಕೊಂಗುವೇಳಿರ್ ಕೂಡ ಇದೇ ಊರಿನವರೆನ್ನುತ್ತಾರೆ.

ವಿಜಯಮಂಗಲದಲ್ಲಿ ರೈಲು ನಿಲ್ದಾಣವಿದೆ. ಮುಂದಿನ ಸಲ ಸರಕಿಗೆ ಹೊರಡುವಾಗ ಮನೆಯ ಹೆಣ್ಣುಮಕ್ಕಳನ್ನೂ ಜೊತೆಗೆ ಕರೆದುಕೊಳ್ಳಿ, ಅರ್ಧ ದಿನ ಬಿಡುವಿಟ್ಟುಕೊಳ್ಳಿ.