ವಿಮಾನದಿಂದಿಳಿದ ಪೆಟ್ಟಿಗೆಯ ಪ್ರಯಾಣ

ಬೈಲಹೊಂಗಲದ ವಿದ್ಯಾರ್ಥಿಯೊಬ್ಬನು ಬೆಂಗಳೂರಿನ ಕಾಲೇಜಿಗೆ ಸೇರಲು ಸಾಂಬ್ರಾದಿಂದ ವಿಮಾನವೇರಿದನೆಂದು ಭಾವಿಸೋಣ. ಬೆಳಗಾವಿಯ ವಿಮಾನ ನಿಲ್ದಾಣವಿರುವ ಊರೇ ಸಾಂಬ್ರಾ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕ ವಿಮಾನಗಳಿಗಾಗಿ ಅಲ್ಲಿ ಸಿದ್ಧವಾದ ನೆಲವೇ ಇಂದು ನಮ್ಮ ಭಾಗದ ಆಕಾಶಯಾನದ ಹೆಬ್ಬಾಗಿಲಾಗಿದೆ. ವಿಮಾನವು ಸುಮಾರು ಒಂದು ಗಂಟೆಯಲ್ಲಿ ಅವನನ್ನು ದೇವನಹಳ್ಳಿಯ ಬಳಿ ಇಳಿಸುತ್ತದೆ. ಅಲ್ಲಿಂದ ನಗರದ ನಡುವಿಗೆ ಸುಮಾರು 35 ಕಿಲೋಮೀಟರುಗಳು. ನೂರಾರು ಕಿಲೋಮೀಟರುಗಳನ್ನು ಕುಳಿತಲ್ಲೇ ದಾಟಿ ಬಂದವನಿಗೆ ಈ 35 ಕಿಲೋಮೀಟರುಗಳೇ ಬೆವರಿಳಿಸುವುದೇಕೆ? ದೂರವು ಇದಕ್ಕೆ ಕಾರಣವಲ್ಲ. ಅವನ ಕೈಯಲ್ಲಿರುವ ಪೆಟ್ಟಿಗೆಯೇ ಕಾರಣ.

ಒಳನಾಡಿನ ವಿಮಾನಗಳಲ್ಲಿ ಸಾಮಾನ್ಯ ಪ್ರಯಾಣಿಕನು ವಿಮಾನದ ಹೊಟ್ಟೆಗೆ ಒಪ್ಪಿಸಬಹುದಾದ ಸಾಮಾನಿನ ಮಿತಿ ಹೆಚ್ಚಾಗಿ 15 ಕಿಲೋಗ್ರಾಂ. ಲೆಕ್ಕಕ್ಕೆ ಅದನ್ನೇ ಹಿಡಿಯೋಣ. ಗುರುತ್ವದ ವೇಗೋತ್ಕರ್ಷವನ್ನು 10 ಎಂದು ಎಣಿಸಿದರೆ ಪೆಟ್ಟಿಗೆಯ ತೂಕವು 150 ನ್ಯೂಟನ್ ಆಗುತ್ತದೆ. ಗಾಲಿಗಳುಳ್ಳ ಈ ಪೆಟ್ಟಿಗೆಯನ್ನು ನುಣುಪಾದ ನೆಲದ ಮೇಲೆ ಉರುಳಿಸಿಕೊಂಡು ಹೋಗಲು ಬೇಕಾಗುವ ಬಲವೆಷ್ಟು? ಉರುಳು ಘರ್ಷಣೆಯ ಗುಣಾಂಕವನ್ನು 0.02 ಎಂದು ತೆಗೆದುಕೊಂಡರೆ ಕೇವಲ 3 ನ್ಯೂಟನ್. ಕಿರುಬೆರಳಿನಿಂದಲೂ ಎಳೆಯಬಹುದು! ಅದೇ ಪೆಟ್ಟಿಗೆಯನ್ನು ಹಳಿ ದಾಟುವ ಮೇಲ್ಸೇತುವೆಯ 6 ಮೀಟರ್ ಎತ್ತರಕ್ಕೆ ಹೊತ್ತು ಒಯ್ಯಬೇಕಾದರೆ ಮಾಡಬೇಕಾದ ಕೆಲಸವು 900 ಜೌಲ್. ಈ 900ನ್ನು 3ರಿಂದ ಭಾಗಿಸಿ ನೋಡಿ. ಸೇತುವೆಯ ಒಂದು ಏರಿಕೆಯು 300 ಮೀಟರ್ ಉದ್ದದ ಸಮನೆಲಕ್ಕೆ ಸಮನಾಯಿತು. ಪೆಟ್ಟಿಗೆ ಹಿಡಿದವನ ಭೂಪಟವನ್ನು ಕಿಲೋಮೀಟರುಗಳಲ್ಲಿ ಬರೆಯದೆ ಮೆಟ್ಟಿಲುಗಳಲ್ಲಿ ಬರೆಯುವುದೇ ಸರಿ ಎಂದು ನನಗೆ ತೋರುತ್ತದೆ.

ವಾಸ್ತವವಾಗಿ ಶರೀರವು ತೆರುವ ಬೆಲೆ ಇದಕ್ಕಿಂತಲೂ ಹೆಚ್ಚು. ಪೆಟ್ಟಿಗೆಯನ್ನು ಒಂದೇ ಕೈಯಲ್ಲಿ ಹಿಡಿದಾಗ ಅದು ಬೆನ್ನೆಲುಬಿನಿಂದ ಸುಮಾರು 25 ಸೆಂಟಿಮೀಟರ್ ಆಚೆಗೆ ತೂಗುತ್ತದೆ. ನಮ್ಮ ದೇಹವು ಆಗ ಒಂದು ಸನ್ನೆಯಾಗಿ ವರ್ತಿಸುತ್ತದೆ. ಒಂದು ಪಕ್ಕಕ್ಕೆ ವಾಲದಂತೆ ನಮ್ಮನ್ನು ಹಿಡಿದಿಡಬೇಕಾದ ಎದುರು ಪಕ್ಕದ ಸ್ನಾಯುಗಳು ಬೆನ್ನೆಲುಬಿಗೆ ಬಲು ಹತ್ತಿರ, ಸುಮಾರು 5 ಸೆಂಟಿಮೀಟರ್ ಅಂತರದಲ್ಲಿವೆಯೆಂದಿಟ್ಟುಕೊಳ್ಳಿ. ಸನ್ನೆಯ ತೋಳು ಐದನೆಯ ಒಂದು ಪಾಲಾದುದರಿಂದ ಆ ಸ್ನಾಯುಗಳು ಐದು ಪಟ್ಟು, ಎಂದರೆ 750 ನ್ಯೂಟನ್ ಬಲದಿಂದ ಎಳೆಯಬೇಕು. ಅದೇ ಭಾರವನ್ನು ಎರಡು ಚೀಲಗಳಲ್ಲಿ ಹಂಚಿ ಎರಡೂ ಕೈಗಳಲ್ಲಿ ಹಿಡಿದರೆ ಎರಡು ಭ್ರಾಮಕಗಳೂ ಒಂದನ್ನೊಂದು ಕಳೆದುಹಾಕುತ್ತವೆ. ರೈಲು ನಿಲ್ದಾಣದ ಹಮಾಲನು ತಲೆಗೆ ಬಟ್ಟೆ ಸುತ್ತಿ ಅದರ ಮೇಲೆ ಟ್ರಂಕನ್ನಿಟ್ಟುಕೊಳ್ಳುವುದರಲ್ಲಿಯೂ, ನಮ್ಮ ಹೆಣ್ಣುಮಕ್ಕಳು ಸಿಂಬೆಯ ಮೇಲೆ ಕೊಡವಿಟ್ಟು ನಡೆಯುವುದರಲ್ಲಿಯೂ ಇದೇ ತತ್ತ್ವವಿದೆ. ಭಾರವು ನೇರವಾಗಿ ಬೆನ್ನೆಲುಬಿನ ಮೇಲೆ ಇಳಿದಾಗ ಪಕ್ಕದ ಸ್ನಾಯುಗಳಿಗೆ ಕೆಲಸವು ಉಳಿಯುವುದಿಲ್ಲ.

ಪೆಟ್ಟಿಗೆಗೆ ಗಾಲಿ ಬಂದುದು ಬಹಳ ಈಚಿನ ಮಾತು. 1969ರಲ್ಲಿ ಮನುಷ್ಯನು ಚಂದ್ರನ ಮೇಲೆ ಕಾಲಿಟ್ಟಾಗಲೂ ವಿಮಾನ ಪ್ರಯಾಣಿಕರು ಪೆಟ್ಟಿಗೆಗಳನ್ನು ಕೈಯಲ್ಲಿ ಹೊರುತ್ತಿದ್ದರು. ಮರುವರ್ಷ ಅಮೆರಿಕದ ಬರ್ನಾರ್ಡ್ ಸ್ಯಾಡೋ ಎಂಬವರು ವಿಮಾನ ನಿಲ್ದಾಣದಲ್ಲಿ ಕಾರ್ಮಿಕನೊಬ್ಬನು ಭಾರವಾದ ಯಂತ್ರವನ್ನು ಗಾಲಿಯ ಹಲಗೆಯ ಮೇಲೆ ಸಲೀಸಾಗಿ ತಳ್ಳಿಕೊಂಡು ಹೋಗುವುದನ್ನು ಕಂಡು, ತಮ್ಮ ಪೆಟ್ಟಿಗೆಗೂ ಅದನ್ನೇ ಅನ್ವಯಿಸಿದರು. 1972ರಲ್ಲಿ ಅವರಿಗೆ ಪೇಟೆಂಟ್ ದೊರೆಯಿತು. ಪಟ್ಟಿಯಿಂದ ಎಳೆಯುತ್ತಿದ್ದ ಆ ಪೆಟ್ಟಿಗೆಯು ತಿರುವುಗಳಲ್ಲಿ ಓಲಾಡುತ್ತಿತ್ತು. 1987ರಲ್ಲಿ ರಾಬರ್ಟ್ ಪ್ಲಾತ್ ಎಂಬ ವಿಮಾನ ಚಾಲಕರು ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಎರಡೇ ಗಾಲಿ ಹಾಗೂ ಉದ್ದನೆಯ ಹಿಡಿಯನ್ನು ಜೋಡಿಸಿದರು. ಇಂದು ನಾವು ಕಾಣುವುದು ಬಹುಮಟ್ಟಿಗೆ ಈ ರೂಪವನ್ನೇ.

ಆದರೆ ಈ ಗಾಲಿಗಳು ಬಹಳ ಚಿಕ್ಕವು. ಇಲ್ಲಿ ಸವದತ್ತಿಯ ಕಡೆಯ ಓದುಗರಿಗೆ ಚೆನ್ನಾಗಿ ಪರಿಚಯವಿರುವ ಒಂದು ವಾಹನವನ್ನು ನೆನೆಯೋಣ. ಎಲ್ಲಮ್ಮನ ಗುಡ್ಡದ ಜಾತ್ರೆಗೆ ಹೋಗುವ ಚಕ್ಕಡಿಯ ಗಾಲಿಯು ಅಷ್ಟು ದೊಡ್ಡದಾಗಿರುವುದೇಕೆ? ಗಾಲಿಯೊಂದು ಅಡ್ಡಬಂದ ಕಲ್ಲನ್ನು ಹತ್ತುವಾಗ ಕಲ್ಲಿನ ಅಂಚೇ ಅದಕ್ಕೆ ಆಧಾರಬಿಂದು. ಆ ಬಿಂದುವಿನ ಸುತ್ತ ಗಾಲಿಯನ್ನು ತಿರುಗಿಸಲು ಮುಂದಕ್ಕೆ ಎಳೆಯುವ ಬಲದ ಭ್ರಾಮಕವು ತೂಕದ ಭ್ರಾಮಕವನ್ನು ಮೀರಬೇಕು. ಮೇಲ್ತರಗತಿಯ ವಿದ್ಯಾರ್ಥಿಗಳು ಚಿತ್ರ ಬರೆದು ಸೂತ್ರವನ್ನು ಸುಲಭವಾಗಿ ಪಡೆಯಬಹುದು. 60 ಸೆಂಟಿಮೀಟರ್ ತ್ರಿಜ್ಯದ ಚಕ್ಕಡಿಯ ಗಾಲಿಯು 1 ಸೆಂಟಿಮೀಟರ್ ಎತ್ತರದ ಅಂಚನ್ನು ಹತ್ತಲು, ಅದರ ಮೇಲೆ ಬಿದ್ದಿರುವ ಭಾರದ ಐದನೆಯ ಒಂದು ಪಾಲಿಗಿಂತಲೂ ಕಡಿಮೆ ಬಲವು ಸಾಕು. ಎರಡೂವರೆ ಸೆಂಟಿಮೀಟರ್ ತ್ರಿಜ್ಯದ ಪೆಟ್ಟಿಗೆಯ ಗಾಲಿಗೆ ಅದೇ ಅಂಚನ್ನು ಹತ್ತಲು ಬೇಕಾಗುವ ಬಲವು ಭಾರದ 1.33 ಪಟ್ಟು! ಹೀಗಾಗಿ ಅಮೃತಶಿಲೆಯ ನೆಲದ ಮೇಲೆ ಗಾಳಿಯಂತೆ ಓಡಿದ ಪೆಟ್ಟಿಗೆಯು, ರಸ್ತೆಯ ಕಲ್ಲು ಎದ್ದ ಕಡೆಯಲ್ಲಿ ಹಟಮಾರಿ ಎತ್ತಿನಂತೆ ನಿಂತುಬಿಡುತ್ತದೆ. ಅಂಥಲ್ಲಿ ಅದನ್ನು ತಳ್ಳಬಾರದು. ಹಿಂದಿನಿಂದ ಬರುವಂತೆ ಓರೆಯಾಗಿ ಮೇಲಕ್ಕೆ ಎಳೆಯಬೇಕು. ಎಳೆತದ ಒಂದು ಅಂಶವು ಮೇಲ್ಮುಖವಾಗಿದ್ದು ಗಾಲಿಯ ಮೇಲಣ ಭಾರವನ್ನು ತಗ್ಗಿಸುತ್ತದೆ. ಮೇಲಿನಿಂದ ತಳ್ಳಿದರೆ ಭಾರವು ಹೆಚ್ಚುತ್ತದೆ.

ಈಗ ದೇವನಹಳ್ಳಿಗೆ ಮರಳೋಣ. ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ರೈಲುಮಾರ್ಗವು 1910ರ ದಶಕದಲ್ಲಿ ಕಿರಿದಾದ ಹಳಿಯ ದಾರಿಯಾಗಿ ಆರಂಭವಾದುದು. ವಿಮಾನ ನಿಲ್ದಾಣವು ಅದರ ನೆರೆಗೆ ಬಂದುದು 2008ರಲ್ಲಿ. ಆದರೂ ವಿಮಾನ ಪ್ರಯಾಣಿಕರಿಗಾಗಿ ಅಲ್ಲೊಂದು ಚಿಕ್ಕ ನಿಲುಗಡೆ ತೆರೆದುದು 2021ರ ಜನವರಿಯಲ್ಲಿ. ಅದೂ ಟರ್ಮಿನಲ್ಲಿನ ಬಾಗಿಲಲ್ಲಿಲ್ಲ. ನಡುವಿನ ಕೆಲವು ಕಿಲೋಮೀಟರುಗಳಿಗೆ ಬಸ್ಸಿನ ಏರ್ಪಾಟು ಮಾಡಲಾಯಿತು. ರೈಲಿನ ದರವು ಟ್ಯಾಕ್ಸಿಯ ಬಾಡಿಗೆಯ ಒಂದು ಚಿಕ್ಕ ಪಾಲೂ ಅಲ್ಲ. ಆದರೆ ನಮ್ಮ ವಿದ್ಯಾರ್ಥಿಯು ಪೆಟ್ಟಿಗೆಯನ್ನು ಎಷ್ಟು ಸಲ ಎತ್ತಬೇಕಾಗುತ್ತದೆಂದು ಎಣಿಸಿ: ಬಸ್ಸಿಗೆ ಒಮ್ಮೆ, ರೈಲಿಗೆ ಒಮ್ಮೆ, ನಗರದ ನಿಲ್ದಾಣದಲ್ಲಿ ಮೇಲ್ಸೇತುವೆಗೆ ಮತ್ತೊಮ್ಮೆ, ಕಡೆಗೆ ಊರ ಬಸ್ಸಿಗೋ ಆಟೋರಿಕ್ಷಾಕ್ಕೋ ಇನ್ನೊಮ್ಮೆ.

ಕಾಯುವಿಕೆಯ ಲೆಕ್ಕವೊಂದು ಬೇರೆಯಿದೆ. ವಿಮಾನವು ಇಳಿಯುವ ಗಳಿಗೆಗೂ ರೈಲು ಹೊರಡುವ ಗಳಿಗೆಗೂ ಸಂಬಂಧವಿಲ್ಲದಿದ್ದರೆ, ಸರಾಸರಿ ಕಾಯಬೇಕಾದ ಹೊತ್ತು ಎರಡು ರೈಲುಗಳ ನಡುವಣ ಅವಧಿಯ ಅರ್ಧ. ಹತ್ತು ನಿಮಿಷಕ್ಕೊಂದು ರೈಲಿದ್ದರೆ ಐದು ನಿಮಿಷ, ಮೂರು ಗಂಟೆಗೊಂದಿದ್ದರೆ ಒಂದೂವರೆ ಗಂಟೆ. ದಿನಕ್ಕೆ ಬೆರಳೆಣಿಕೆಯ ರೈಲುಗಳು ಓಡುವ ದಾರಿಯಲ್ಲಿ ಇಂಜಿನ್ನಿನ ವೇಗವನ್ನು ಎಷ್ಟು ಹೆಚ್ಚಿಸಿದರೂ ಪ್ರಯೋಜನವು ಅಲ್ಪವೇ. ಆಗಾಗ ಓಡುವ ಮೆಟ್ರೋ ರೈಲಿಗಾಗಿ ಕೃಷ್ಣರಾಜಪುರದಿಂದ ವಿಮಾನ ನಿಲ್ದಾಣದವರೆಗೆ ಸುಮಾರು 38 ಕಿಲೋಮೀಟರ್ ಮಾರ್ಗವನ್ನು ಕೈಗೊಂಡಿರುವುದು ಈ ಕಾರಣದಿಂದಲೇ.

ಹೊರನಾಡುಗಳಲ್ಲಿ ಈ ಸಮಸ್ಯೆಯನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಲಂಡನ್ನಿನ ಗ್ಯಾಟ್ವಿಕ್‌ನಲ್ಲಿ 1936ರಲ್ಲಿ ತೆರೆದ ದುಂಡನೆಯ ಟರ್ಮಿನಲ್ ಕಟ್ಟಡದಿಂದ ರೈಲು ನಿಲ್ದಾಣಕ್ಕೆ ನೆಲದಡಿಯಲ್ಲಿ ಕಾಲುದಾರಿಯನ್ನು ಕಟ್ಟಿದ್ದರು. ಪ್ರಯಾಣಿಕನು ಮಳೆಯಲ್ಲಿ ನೆನೆಯದೆ ವಿಕ್ಟೋರಿಯಾ ನಿಲ್ದಾಣದ ರೈಲನ್ನು ಹಿಡಿಯಬಹುದಾಗಿತ್ತು. ಟೋಕಿಯೋ ನಗರವು 1964ರ ಒಲಿಂಪಿಕ್ ಕ್ರೀಡೆಗಳಿಗೆ ಮುಂಚೆ ಹನೇಡಾ ವಿಮಾನ ನಿಲ್ದಾಣಕ್ಕೆ ಒಂಟಿಹಳಿಯ ರೈಲನ್ನು ಓಡಿಸಿತು. ನಮ್ಮಲ್ಲಿ ದೆಹಲಿಯ ವಿಮಾನ ನಿಲ್ದಾಣದ ರೈಲು 2011ರಲ್ಲಿ ಬಂದಿತು. ಅದರ ಒಂದು ವಿಶೇಷವನ್ನು ಇಲ್ಲಿ ಹೇಳಲೇಬೇಕು: ಹೊರಡುವ ಪ್ರಯಾಣಿಕನು ಕೆಲವು ವಿಮಾನ ಸಂಸ್ಥೆಗಳಿಗೆ ತನ್ನ ಪೆಟ್ಟಿಗೆಯನ್ನು ನಗರದ ನಿಲ್ದಾಣದಲ್ಲಿಯೇ ಒಪ್ಪಿಸಿ ಕೈಬೀಸಿಕೊಂಡು ರೈಲು ಹತ್ತುವಂತೆ ಅದನ್ನು ಯೋಜಿಸಿದರು. ಮನುಷ್ಯನನ್ನೂ ಪೆಟ್ಟಿಗೆಯನ್ನೂ ಬೇರ್ಪಡಿಸುವುದೇ ಎಲ್ಲಕ್ಕಿಂತ ಜಾಣತನದ ಉಪಾಯವೆಂದು ನನ್ನ ಅಭಿಪ್ರಾಯ.

ರೈಲಿನೊಳಗೆ ಬಂದ ಮೇಲೂ ಭೌತಶಾಸ್ತ್ರವು ನಮ್ಮನ್ನು ಬಿಡುವುದಿಲ್ಲ. ಮೆಟ್ರೋ ರೈಲು ಹೊರಡುವಾಗ ಅದರ ವೇಗವು ಪ್ರತಿ ಸೆಕೆಂಡಿಗೆ ಸುಮಾರು 1 ಮೀಟರಿನಷ್ಟು ಏರುತ್ತದೆ. ಎಲ್ಲ ದಿಕ್ಕಿಗೂ ತಿರುಗುವ ನಾಲ್ಕು ಗಾಲಿಯ ಪೆಟ್ಟಿಗೆಯನ್ನು ಉರುಳು ಘರ್ಷಣೆಯು ಪ್ರತಿ ಸೆಕೆಂಡಿಗೆ 0.2 ಮೀಟರಿನಷ್ಟು ಮಾತ್ರ ಜೊತೆಗೆ ಎಳೆಯಬಲ್ಲುದು. ಮಿಕ್ಕ 0.8ರ ಪಾಲಿಗೆ ಪೆಟ್ಟಿಗೆಯು ಜಡತ್ವದಿಂದ ಹಿಂದುಳಿಯುತ್ತದೆ. ಒಡೆಯನು ಕಿಟಕಿಯ ಹೊರಗೆ ನೋಡುತ್ತಿದ್ದರೆ ಮೂರೇ ಸೆಕೆಂಡುಗಳಲ್ಲಿ ಅದು ಮೂರೂವರೆ ಮೀಟರ್ ಹಿಂದಕ್ಕೆ ಸರಿದು ಯಾರದೋ ಮೊಣಕಾಲಿಗೆ ನಮಸ್ಕರಿಸಿರುತ್ತದೆ! ಎರಡು ಗಾಲಿಯ ಪೆಟ್ಟಿಗೆಯು ನಿಂತಾಗ ಅರ್ಧ ಭಾರವನ್ನು ಕಾಲುಗುಬ್ಬಿಗಳ ಮೇಲೆ ಊರುವುದರಿಂದ ಇಂಥ ಚೇಷ್ಟೆ ಮಾಡುವುದಿಲ್ಲ. ನಾಲ್ಕು ಗಾಲಿಯದನ್ನು ಮಗ್ಗುಲಾಗಿ ಮಲಗಿಸಿಬಿಡುವುದು ಲೇಸು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ಪಟ್ಟಣಗಳಿಗೂ ರೈಲು ಇನ್ನೂ ಬಂದಿಲ್ಲ. ಧಾರವಾಡದಿಂದ ಬೆಳಗಾವಿಗೆ ಹೋಗುವ ಹಳಿಯು ಪಶ್ಚಿಮದ ಲೋಂಡಾದ ಮೂಲಕ ಸುತ್ತಿ ಹೋಗುತ್ತದೆ. ಕಿತ್ತೂರಿನ ಮೇಲೆ ಹಾಯುವ ಸುಮಾರು 73 ಕಿಲೋಮೀಟರುಗಳ ನೇರ ಮಾರ್ಗವು ಮಂಜೂರಾಗಿದೆ. ಇತ್ತ ಬೆಳಗಾವಿಯಿಂದ ಮಿರಜಿನ ಕಡೆಗೆ ಹೋಗುವ ಮಾರ್ಗದಲ್ಲಿ ಸಾಂಬ್ರಾದ ಹೆಸರಿನದೇ ಒಂದು ಚಿಕ್ಕ ರೈಲು ನಿಲ್ದಾಣವಿದೆ. ಅದನ್ನು ಕಟ್ಟಿದುದು ವಿಮಾನ ಪ್ರಯಾಣಿಕರಿಗಾಗಿ ಅಲ್ಲ. ಕಿತ್ತೂರಿನ ಮಾರ್ಗವು ಮುಗಿದ ದಿನ ನಮ್ಮ ವಿದ್ಯಾರ್ಥಿಯು ಪೆಟ್ಟಿಗೆಯೊಡನೆ ಬೆಳಗಾವಿಯಲ್ಲಿ ರೈಲು ಬದಲಿಸಿ ಸಾಂಬ್ರಾದವರೆಗೂ ಹಳಿಯ ಮೇಲೆಯೇ ಹೋಗುವುದು ಭೂಪಟದಲ್ಲಿ ಸಾಧ್ಯವಾಗುತ್ತದೆ. ಆದರೆ ಮೆಟ್ಟಿಲುಗಳ ಪಟದಲ್ಲಿ? ನಮ್ಮ ರೈಲುಗಳ ಎತ್ತರದ ಪ್ಲಾಟ್‌ಫಾರಂ ಹಳಿಯಿಂದ 76ರಿಂದ 84 ಸೆಂಟಿಮೀಟರ್ ಮೇಲಿರುತ್ತದೆ. ಬೋಗಿಯ ನೆಲವು 120 ಸೆಂಟಿಮೀಟರಿಗೂ ಮೇಲೆ. ಮೆಟ್ರೋದಲ್ಲಿ ಇವೆರಡೂ ಸಮಮಟ್ಟದಲ್ಲಿರುತ್ತವೆ. ಇನ್ನು ಮೇಲ್ಸೇತುವೆಗೆ ಮೆಟ್ಟಿಲಿನ ಬದಲು ಹನ್ನೆರಡಕ್ಕೆ ಒಂದರಂತೆ ಏರುವ ಇಳಿಜಾರನ್ನು ಕಟ್ಟಿದರೆ 15 ಕಿಲೋಗ್ರಾಂ ಪೆಟ್ಟಿಗೆಯನ್ನು ಸುಮಾರು 16 ನ್ಯೂಟನ್ ಬಲದಿಂದಲೇ ಮೇಲಕ್ಕೆ ಎಳೆಯಬಹುದು. 6 ಮೀಟರ್ ಎತ್ತರಕ್ಕೆ ಅಂಥ ಇಳಿಜಾರು 72 ಮೀಟರ್ ಉದ್ದವಾಗಬೇಕು. ನಗರದ ನಡುವೆ ಅಷ್ಟು ಸ್ಥಳವು ಸಿಗುವುದು ಕಷ್ಟ. ಕಿತ್ತೂರಿನ ಬಯಲಿನಲ್ಲಿ ಅದು ಧಾರಾಳವಾಗಿದೆ.